ಕಲ್ಲಿನ ಸೈನ್ಯವನ್ನು ಎಬ್ಬಿಸುವ ಕೂಗು

ಈಗಲೇ ಹೇಳಿಬಿಡಲೇ? ಹೇಳಿದರೆ ವೇದಿಕೆ ಹತ್ತುವ ಮೊದಲೇ ಅಣ್ಣ ಕುಸಿಯುತ್ತಾನೆ. ಹೇಳದಿದ್ದರೆ ತುಂಬಿದ ಸಭಾಂಗಣದೆದುರು ಅವನ ಗಂಟಲು ಕೈಕೊಡುತ್ತದೆ. ಯಾವುದು ವಾಸಿ ಎಂದು ತೋಚದೆ ತಮ್ಮನು ತನ್ನ ಕೀಬೋರ್ಡಿನ ವೈರನ್ನು ಮತ್ತೊಮ್ಮೆ ಕಿತ್ತು ಚುಚ್ಚಿದ.

ಅಬ್ಬರದ ರಾಕ್ ಸಂಗೀತದ ಅವರ 'ಪವರ್ ಮೆಟಲ್' ತಂಡದ ಮೊದಲ ಆಲ್ಬಂ ಅಂದು ಬಿಡುಗಡೆಯಾಗಿತ್ತು; ಅಂದೇ ಅದನ್ನು ವೇದಿಕೆಯಲ್ಲಿ ಹಾಡಬೇಕಿತ್ತು. ಎಲ್ಲ ಹಾಡುಗಳೂ ಸೇರಿ ಒಂದೇ ಕತೆ. ಮಾಟಗಾತಿಯ ಶಾಪದಿಂದ ಒಂದು ಸೈನ್ಯ ಬೆಟ್ಟದ ಮೇಲೆ ಕಲ್ಲಾಗಿ ನಿಂತಿದೆ. ಕೊನೆಯ ಹಾಡಿನಲ್ಲಿ, ಕಹಳೆ ಒಡೆದುಹೋದ ಕಹಳೆಗಾರನೊಬ್ಬ ಬರಿಯ ದನಿಯಲ್ಲೇ 'ಏಳಿ' ಎಂದು ಕೂಗುತ್ತಾನೆ, ಕಲ್ಲು ಬಿರಿಯುತ್ತದೆ. ಉಳಿದ ಹಾಡುಗಳೆಲ್ಲ ಆ ಒಂದು ಕೂಗಿಗಾಗಿ ಕಾಯುತ್ತವೆ. ಕತೆ ಹೆಣೆದು ರಾಗ ಕೂರಿಸಿದವನು ತಮ್ಮ. ಹಾಡುವವನು ಅಣ್ಣ.

ಸ್ಟುಡಿಯೋದ ಕೊನೆಯ ದಿನ ಅಣ್ಣನಿಗೆ ಆ ಕೂಗು ಬರಲಿಲ್ಲ. ದನಿ ಮೇಲೇರಿ, ಸೀಳಿ, ಬರಿಯ ಗಾಳಿಯಾಗುತ್ತಿತ್ತು. ಬಿಡದೆ ಮತ್ತೆ ಮತ್ತೆ ಹಾಡಿದ. ಕೊನೆಗೆ ರೆಕಾರ್ಡಿಂಗ್ ಎಂಜಿನಿಯರು ಗದರಿ ಮನೆಗೆ ಕಳಿಸಿದರು. ಅಣ್ಣನ ಅಭ್ಯಾಸಕ್ಕೆಂದು ತಮ್ಮ ಹಾಡಿಟ್ಟಿದ್ದ ಮಾದರಿ ಕಂಪ್ಯೂಟರಿನಲ್ಲಿ ಹಾಗೆಯೇ ಇತ್ತು. ಎಂಜಿನಿಯರು ಅದರಿಂದ ಆ ಕೂಗನ್ನಷ್ಟೇ ಕತ್ತರಿಸಿ ಅಣ್ಣನ ಹಾಡಿಗೆ ಅಂಟಿಸಿದರು.

"ಒಂದೇ ಹೊಟ್ಟೇಲಿ ಹುಟ್ಟಿದೋರು. ನಿಮ್ಮಮ್ಮನಿಗೂ ಗೊತ್ತಾಗಲ್ಲ, ಬಿಡು," ಎಂದು ತಮ್ಮನಿಗೆ ಹೇಳಿದ್ದರು.

ಮುಗಿದ ಹಾಡನ್ನು ಅಣ್ಣ ಕಣ್ಣು ಮುಚ್ಚಿ ಕೇಳಿದ್ದ. "ನೋಡಿದ್ಯಾ? ಯಾವ ಸಲ ಬಂತೋ ಏನೋ, ಬಂದಿದೆ ಕಣೋ!" ಎಂದು ತಮ್ಮನ ಬೆನ್ನಿಗೆ ಗುದ್ದಿದ್ದ. ತಮ್ಮನೂ ನಕ್ಕಿದ್ದ.

"ಏನೋ, ಪ್ಲಗ್ ಮೇಲೆ ಸಿಟ್ಟಾ?" ವೇದಿಕೆಯ ಬದಿಯಲ್ಲಿ ಕಾಯುತ್ತಿದ್ದ ತಂಡದ ಡ್ರಮ್ಮರ್ ಕೋಲುಗಳಿಂದ ತನ್ನ ತೊಡೆಯನ್ನೇ ಬಾರಿಸಿಕೊಳ್ಳುತ್ತ ಕೇಳಿದ. "ಮಾಟಗಾತಿ ಬರೋಕೆ ಮುಂಚೇನೇ ಕಲ್ಲಾಗಿದೀಯಲ್ಲೋ!"

ತಮ್ಮ ಎದ್ದು ಅಣ್ಣನ ಬಳಿ ಹೋದ. "ಅಣ್ಣಾ, ಕೊನೇ ಕೂಗನ್ನ ಸ್ವಲ್ಪ ಕೆಳಗಿನ ಸ್ವರದಲ್ಲಿ ತಗೊಳ್ತೀಯಾ?"

"ಯಾಕೆ?"

"ಸುಮ್ನೆ. ಗಂಟಲಿಗೆ ಒಳ್ಳೇದು."

"ರೆಕಾರ್ಡಲ್ಲಿ ಹಾಡಿದೋನಿಗೆ ಇಲ್ಲಿ ಆಗಲ್ವಾ?"

"ಹಾಗಲ್ಲ..."

"ಮತ್ತೆ ಹೇಗೆ?"

ತಮ್ಮನು ಬಾಯಿ ತೆರೆದ. ಸಭಾಂಗಣದ ದೀಪಗಳು ಆರಿದವು. ಜನ ಕಿರುಚಿದರು. ಅಣ್ಣ ಆಗಲೇ ಮೆಟ್ಟಿಲು ಹತ್ತುತ್ತಿದ್ದ.

ಹಾಡುಗಳ ನಡುವೆ ಬಿಡುವಿರಲಿಲ್ಲ. ಕತೆ ನಿಲ್ಲಬಾರದೆಂದು ತಮ್ಮನೇ ಹಾಗೆ ಕಟ್ಟಿದ್ದ. ಈಗ ಅದೇ ಅವನನ್ನು ಅಟ್ಟಿಸಿಕೊಂಡು ಬರುತ್ತಿತ್ತು. ಶಾಪ ತಗುಲಿತು. ಬೆಟ್ಟದ ಮೇಲೆ ಹಿಮ ಬಿತ್ತು. ಕಹಳೆ ಒಡೆಯಿತು. ಅಣ್ಣನ ಅಂಗಿ ಬೆನ್ನಿಗೆ ಅಂಟಿತ್ತು. ಕೊನೆಯದರ ಹಿಂದಿನ ಹಾಡಿನಲ್ಲೇ ಅವನ ದನಿ ಒಂದೆಡೆ ಒರಟಾಗಿ ಕೆರೆದಿತ್ತು. ತಮ್ಮನು ಕೋರಸ್ಸಿಗೆಂದು ಇಟ್ಟಿದ್ದ ತನ್ನ ಮೈಕನ್ನು ಬಾಯಿಯ ಹತ್ತಿರಕ್ಕೆ ಎಳೆದುಕೊಂಡ. ಅಣ್ಣನ ದನಿ ಒಡೆದರೆ ಆ ಕ್ಷಣವೇ ತಾನು ಎತ್ತಿಕೊಳ್ಳಬೇಕು. ಎತ್ತಿಕೊಂಡರೆ ರೆಕಾರ್ಡಿನ ಕೂಗು ಯಾರದೆಂದು ಅಣ್ಣನಿಗೆ ತಿಳಿದುಬಿಡುತ್ತದೆ.

ಡ್ರಮ್ಮು, ಗಿಟಾರು ಒಟ್ಟಿಗೆ ನಿಂತವು. ತಮ್ಮನು ಉಸಿರು ತುಂಬಿಕೊಂಡ.

"ಏಳಿ..."

ಅಣ್ಣನ ದನಿ ಮೇಲೇರಿತು, ನಡುಗಿತು, ಒಂದು ಬದಿ ಹರಿದಂತೆ ಕೇಳಿತು. ಬೀಳಲಿಲ್ಲ. ಕುತ್ತಿಗೆಯ ನರಗಳು ಹಗ್ಗದಂತೆ ಬಿಗಿದಿದ್ದವು. ಆದರೂ ಅಣ್ಣ ಅದನ್ನು ಕೊನೆಯವರೆಗೂ ಹಿಡಿದ. ಡ್ರಮ್ಮು ಸಿಡಿಯಿತು. ತುಂಬಿಕೊಂಡ ಉಸಿರನ್ನು ತಮ್ಮನು ಮೈಕಿನಿಂದ ಮುಖ ತಿರುಗಿಸಿ ಹೊರಬಿಟ್ಟ.

ಕಾರ್ಯಕ್ರಮ ಮುಗಿದ ಮೇಲೆ ಒಳಕೋಣೆಯಲ್ಲಿ ಅಣ್ಣ ಕುರ್ಚಿಗೆ ಬಿದ್ದ. ಮಾತು ಪಿಸುದನಿಯಲ್ಲಿ ಬರುತ್ತಿತ್ತು.

"ಬಂತು. ಆದ್ರೆ ರೆಕಾರ್ಡಲ್ಲಿರೋ ಹಾಗೆ ಬರ್ಲಿಲ್ಲ. ಅಲ್ಲಿ ಎಷ್ಟು ಸಲೀಸಾಗಿದೆ! ಇಲ್ಲಿ ಜೀವ ಬಾಯಿಗೆ ಬಂತು."

"ಬಂತಲ್ಲ, ಸಾಕು. ಗಂಟಲಿಗೆ ರಜ ಕೊಡಪ್ಪಾ," ಎಂದ ಡ್ರಮ್ಮರ್.

"ಇಲ್ಲ. ನಾಳೆಯಿಂದ ದಿನಾ ಆ ರೆಕಾರ್ಡನ್ನೇ ಹಾಕ್ಕೊಂಡು ಹಾಡ್ತೀನಿ. ಅದೇ ಥರ ಬರೋವರೆಗೂ ಬಿಡಲ್ಲ." ಅಣ್ಣ ತಮ್ಮನ ಕಡೆ ತಿರುಗಿದ. "ಬರುತ್ತೆ ಅಲ್ವೇನೋ?"

ತಮ್ಮನು ಬಿಸಿನೀರಿನ ಲೋಟವನ್ನು ಅವನ ಕೈಗಿಟ್ಟ.

ಆಲ್ಬಂನಲ್ಲಿ ಕೂಗಿದವನು ತಾನು ಎಂದು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.