ಓರಗಿತ್ತಿಯ ಗಟ್ಟಿ ಕೀಲು

ಕೇರಿಗೆಲ್ಲ ಟೈಲರಕ್ಕ ಎಂದೇ ಪರಿಚಯವಾಗಿದ್ದ ಅವಳಿಗೂ ಮಹಡಿಯಲ್ಲಿದ್ದ ಅವಳ ಓರಗಿತ್ತಿಗೂ ಒಂದೇ ವರ್ಷ, ಒಬ್ಬರೇ ಡಾಕ್ಟರು ಸೊಂಟದ ಕೀಲು ಬದಲಿಸಿದ್ದರು. ಹನ್ನೊಂದು ವರ್ಷ ಇಬ್ಬರೂ ಆರಾಮಾಗಿ ಓಡಾಡಿಕೊಂಡಿದ್ದರು. ಆಮೇಲೆ ಟೈಲರಕ್ಕನ ಕೀಲು ಸಡಿಲವಾಯಿತು. ಹೊಲಿಗೆ ಮೆಶೀನಿನ ಮುಂದಿನಿಂದ ಏಳುವಾಗೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಓರಗಿತ್ತಿಯದಕ್ಕೆ ಏನೂ ಆಗಿರಲಿಲ್ಲ.

"ಎರಡನೇ ಸಲ ಕೀಲು ಬದಲಿಸೋದು ಮೊದಲಿನಷ್ಟು ಸಲೀಸಲ್ಲಮ್ಮ," ಡಾಕ್ಟರು ಮೊದಲೇ ಹೇಳಿದ್ದರು. "ನೋವು ಕಡಿಮೆಯಾಗತ್ತೆ. ಕೋಲು ಬಿಡೋದು ಕಷ್ಟ. ಕೀಲು ಜಾರೋ ಭಯಾನೂ ಇರತ್ತೆ, ಬಗ್ಗಬೇಡಿ."

ಆಪರೇಷನ್ ಆಗಿ ಮೂರು ತಿಂಗಳಾದರೂ ಟೈಲರಕ್ಕ ಕೋಲೂರಿಕೊಂಡೇ ಅಂಗಡಿಗೆ ಬರುತ್ತಿದ್ದಳು. ತಲೆಯ ಮೇಲೆ ಓರಗಿತ್ತಿ ಸರಸರ ಓಡಾಡುವುದು ಕೇಳಿಸಿದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತಿತ್ತು. ಅವಳು ಕೆಳಗಿಳಿದು ಬಂದು, ಬಿದ್ದ ದಾರದ ಬಾಬಿನ್ ಎತ್ತಿಕೊಟ್ಟರಂತೂ ಇನ್ನಷ್ಟು ಉರಿ.

ಒಂದು ಬೆಳಿಗ್ಗೆ ಬ್ಲೌಸ್ ಅಳತೆ ಕೊಡಲು ಬಂದವಳೊಬ್ಬಳು, "ನಿಮ್ಮ ಓರಗಿತ್ತಿ ಮೆಟ್ಟಿಲು ಹತ್ತೋದು ನೋಡಿ, ಹುಡುಗಿ ಥರ. ನಿಮಗ್ಯಾಕೆ ಹೀಗಾಯ್ತು?" ಎಂದಳು. ಅಷ್ಟರಲ್ಲಿ ಟೈಲರಕ್ಕನ ಕೈಯಿಂದ ಕತ್ತರಿ ಕೆಳಗೆ ಬಿತ್ತು. ಆಗಷ್ಟೇ ಕೆಳಗಿಳಿದು ಬಂದ ಓರಗಿತ್ತಿ ಕೈಚಾಚಿದಳು.

"ಬಿಡು, ನನಗೇನು ಕೈಲಾಗಲ್ವಾ?" ಎಂದು ಟೈಲರಕ್ಕ ತಾನೇ ಬಗ್ಗಿದಳು. ಕೀಲು ಜಾರಿತು.

ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟು ಕೀಲನ್ನು ಕೂರಿಸಿ, ಆರು ವಾರಕ್ಕೆ ಸೊಂಟಪಟ್ಟಿ ಬಿಗಿದು ಕಳಿಸಿದರು. ಆರು ವಾರವೂ ಓರಗಿತ್ತಿಯೇ ಅವಳನ್ನು ಎಬ್ಬಿಸಿ, ಕೂರಿಸಿ, ಸ್ನಾನ ಮಾಡಿಸಿದಳು. ಪಟ್ಟಿ ಬಿಚ್ಚುವ ಹಿಂದಿನ ದಿನ ಮೆಲ್ಲಗೆ ಹೇಳಿದಳು: "ಅಕ್ಕ, ನನಗೂ ತೊಡೆಸಂದಿ ನೋಯ್ತಿದೆ. ನಿಮ್ಮ ಥರಾನೇ ಶುರುವಾಯ್ತೇನೋ."

"ಅಯ್ಯೋ, ಹೌದಾ," ಎಂದಳು ಟೈಲರಕ್ಕ. ಒಳಗೆ ಮಾತ್ರ ತಣ್ಣಗಾಯಿತು. ಎಷ್ಟೋ ತಿಂಗಳ ಮೇಲೆ ಅವತ್ತು ಮಧ್ಯಾಹ್ನ ಹಾಯಾಗಿ ನಿದ್ದೆ ಬಂತು.

ಮರುದಿನ ಇಬ್ಬರೂ ಜೊತೆಗೇ ಹೋದರು. ಡಾಕ್ಟರು ಓರಗಿತ್ತಿಯ ಎಕ್ಸ್‌ರೇ ನೋಡಿ, "ಕೀಲು ಗಟ್ಟಿಯಾಗಿದೆ. ಇವರನ್ನ ಎತ್ತಿ ಇಳಿಸಿ ಸ್ನಾಯು ಹಿಡ್ಕೊಂಡಿದೆ, ಅಷ್ಟೇ," ಎಂದರು.

ಟೈಲರಕ್ಕನ ಮುಖ ಸಪ್ಪಗಾದದ್ದು ಓರಗಿತ್ತಿಯ ಕಣ್ಣು ತಪ್ಪಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು: "ನಂದೂ ಕೆಟ್ಟಿರಲಿ ಅಂತಿದ್ರಾ ಅಕ್ಕ?"

ಟೈಲರಕ್ಕ ಸುಳ್ಳು ಹೇಳಲಿಲ್ಲ. "ಹೌದು," ಎಂದಳು.

ಓರಗಿತ್ತಿ ಮುಖ ತಿರುಗಿಸಿ ಆಟೋ ಹತ್ತಿದಳು. ನಾಲ್ಕು ದಿನ ಕೆಳಗಿಳಿಯಲಿಲ್ಲ. ಐದನೆಯ ದಿನ ಟೈಲರಕ್ಕ ಕಂಬಿ ಹಿಡಿದು, ಎರಡು ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಹೋದಳು. ಓರಗಿತ್ತಿ ಮಂಚದ ಮೇಲೆ ಒರಗಿದ್ದಳು.

"ತಪ್ಪು ನಂದೇ," ಎಂದಳು ಟೈಲರಕ್ಕ ಏದುಸಿರು ಬಿಡುತ್ತ. "ಹೊಟ್ಟೆಕಿಚ್ಚು ಇನ್ನೂ ಪೂರ್ತಿ ಹೋಗಿಲ್ಲ, ಸುಳ್ಳು ಹೇಳಲ್ಲ. ಮುಲಾಮು ಎಲ್ಲಿದೆ? ಹಚ್ಚಿಕೊಡ್ತೀನಿ."

ಓರಗಿತ್ತಿ ಮುಲಾಮನ್ನು ಅವಳ ಕೈಗಿಟ್ಟು, ಪಕ್ಕಕ್ಕೆ ಹೊರಳಿ ಕೂರಲು ಜಾಗ ಬಿಟ್ಟಳು.