ಎಲ್ಲರ ತಲೆಗೂ ಪಟ್ಟಿ

ಪಟ್ಟಿಮಾಮ ಕೋಣೆಯ ಬೀಗ ತೆಗೆದ ಕೂಡಲೇ ಮಾಡುವ ಮೊದಲ ಕೆಲಸ ಟ್ಯೂಬ್‌ಲೈಟ್ ಎಣಿಸುವುದು. ನಗಬೇಡಿ. ಆ ಕೋಣೆಯಲ್ಲಿ ಇರುವುದೇ ಒಂದು ಟ್ಯೂಬ್‌ಲೈಟ್, ಅದನ್ನು ಎಣಿಸಲು ಯಾವ ಗಣಿತವೂ ಬೇಕಿಲ್ಲ. ಆದರೂ ಸ್ವಿಚ್ ಒತ್ತಿ, ಅದು ಮಿಣಮಿಣ ಎಂದು ಹತ್ತಿಕೊಳ್ಳುವವರೆಗೆ ಕತ್ತೆತ್ತಿ ನಿಂತು, ಒಂದೇ ಇದೆ ಎಂದು ಖಾತ್ರಿಯಾದ ಮೇಲೆಯೇ ಅವನು ಚಪ್ಪಲಿ ಬಿಡುವುದು. ಮೂರು ವರ್ಷದಿಂದ ಹೀಗೇ ನಡೆದಿದೆ.

ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡಕ್ಕೆ ಅವನು ಇಪ್ಪತ್ತೆರಡು ವರ್ಷದಿಂದ ಪಟ್ಟಿ ಸುತ್ತುತ್ತ ಬಂದವನು. ಉಳುಕಿದ ಪಾದ, ಊದಿದ ಮಂಡಿ, ಜಾರಿದ ಭುಜ, ಎಲ್ಲಕ್ಕೂ ಅವನೇ. ಕಾಗದಪತ್ರದಲ್ಲಿ ಅವನ ಹುದ್ದೆಗೆ ಒಂದು ಗೇಣುದ್ದದ ಹೆಸರಿತ್ತು, ಹುಡುಗಿಯರ ಬಾಯಲ್ಲಿ ಅವನು ಪಟ್ಟಿಮಾಮ ಅಷ್ಟೇ. ಕೋಣೆಯಲ್ಲಿ ಮೂರು ಬೆಂಚು, ಒಂದು ಐಸ್ ಪೆಟ್ಟಿಗೆ, ಬಾಗಿಲು ಸರಿಯಾಗಿ ಮುಚ್ಚದ ಒಂದು ಬೀರು. ನೋವಿನ ಎಣ್ಣೆಯ ವಾಸನೆ ಗೋಡೆಗೇ ಹತ್ತಿಬಿಟ್ಟಿತ್ತು. ಕಿಟಕಿ ಪಕ್ಕದ ಮೂರನೆಯ ಬೆಂಚಿನ ಮೇಲೆ ಅವನು ಈಗ ಯಾರನ್ನೂ ಕೂರಿಸುತ್ತಿರಲಿಲ್ಲ, ಕಾಲು ಅಲ್ಲಾಡುತ್ತದೆ ಎಂದು ಹೇಳುತ್ತಿದ್ದ. ಬೆಂಚಿನ ಕಾಲು ಗಟ್ಟಿಯಾಗಿಯೇ ಇತ್ತು.

ಆ ತಂಡದಲ್ಲಿ ಒಂದು ಪದ್ಧತಿ ಇತ್ತು, ಅದನ್ನು ಮೊದಲು ಹೇಳಿಬಿಡಬೇಕು. ಹಿಂದೊಮ್ಮೆ ಕೋಚ್ ಒಳ್ಳೆಯ ಮನಸ್ಸಿನಿಂದ ಎದುರು ತಂಡದವರಿಗೆ, ನಮ್ಮ ಹುಡುಗಿಯ ಎಡಗಾಲು ಉಳುಕಿದೆ, ಸ್ವಲ್ಪ ನೋಡಿಕೊಂಡು ಆಡಿ ಎಂದಿದ್ದ. ಅವರು ಚೆನ್ನಾಗಿಯೇ ನೋಡಿಕೊಂಡರು! ಅರ್ಧ ಗಂಟೆಯೊಳಗೆ ಮೂರು ಸಲ ಅದೇ ಕಾಲನ್ನು ತುಳಿದರು. ಆ ಹುಡುಗಿ ಮತ್ತೆ ಆಡಲೇ ಇಲ್ಲ. ಅಂದಿನಿಂದ ಪಟ್ಟಿಮಾಮ ಎಲ್ಲ ಹದಿನೆಂಟು ಹುಡುಗಿಯರಿಗೂ, ನೋವಿರಲಿ ಬಿಡಲಿ, ಎರಡೂ ಕಾಲಿಗೂ ಒಂದೇ ಥರ ಬಿಳಿ ಪಟ್ಟಿ ಸುತ್ತತೊಡಗಿದ. ಯಾರ ಯಾವ ಕಾಲು ಕೆಟ್ಟಿದೆ ಎಂದು ಬ್ರಹ್ಮನಿಗೂ ತಿಳಿಯಬಾರದು. ಆ ಕೈಚಳಕದ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು. ಹೆಂಡತಿ ಮಾತ್ರ ಒಮ್ಮೆ, ನಿಮಗೆ ಸಂಬಳ ಕೊಡುವುದು ಕಾಲಿಗೆ ಪಟ್ಟಿ ಕಟ್ಟುವುದಕ್ಕೋ, ಬಾಯಿಗೆ ಕಟ್ಟಿಕೊಳ್ಳುವುದಕ್ಕೋ ಎಂದು ಕೇಳಿದ್ದಳು. ಅವನು ನಕ್ಕುಬಿಟ್ಟಿದ್ದ.

ಮೂರು ವರ್ಷದ ಹಿಂದೆ, ಒಂದು ಮಂಗಳವಾರ, ಅಭ್ಯಾಸದಲ್ಲಿ ಗೋಲ್‌ಕೀಪರ್ ಹುಡುಗಿಯ ತಲೆ ಗೋಲಿನ ಕಂಬಕ್ಕೆ ಬಡಿಯಿತು. ಏನೂ ದಾಟಿ ಹೋಗದ ಹುಡುಗಿ ಅದು, ಎಲ್ಲರೂ ಗೋಡೆ ಎಂದೇ ಕರೆಯುತ್ತಿದ್ದರು. ಮೂರನೆಯ ಬೆಂಚಿನ ಮೇಲೆ ಕೂತು ಎರಡು ಸಲ ವಾಂತಿ ಮಾಡಿದಳು. ಆಮೇಲೆ ಬಾಯಿ ಒರೆಸಿಕೊಂಡು, ಮೇಲೆ ನೋಡಿ, ನಗುನಗುತ್ತಲೇ ಕೇಳಿದಳು: “ಮಾಮಾ, ಇನ್ನೊಂದು ಟ್ಯೂಬ್‌ಲೈಟ್ ಯಾವಾಗ ಹಾಕ್ಸಿದ್ರಿ?”

ಪಟ್ಟಿಮಾಮ ಕತ್ತೆತ್ತಿ ನೋಡಿದ್ದ. ಒಂದೇ ಇತ್ತು.

ಡಾಕ್ಟರ ಹತ್ತಿರ ಹೋಗೋಣ ಎಂದು ಅವನು ಹೇಳಲಿಲ್ಲವೆಂದಲ್ಲ. ಕೋಚ್, ಶನಿವಾರದ ಪಂದ್ಯ ಮುಗಿಯಲಿ ಅಂದ. ಹುಡುಗಿಯೂ ಹಾಗೇ ಅಂದಳು. ಕಿವಿಯ ಮೇಲೆ ಕೂದಲೊಳಗೆ ನಿಂಬೆಹಣ್ಣಿನಷ್ಟು ಊತ. ಅದಕ್ಕೆ ಸ್ಪಂಜು ಇಟ್ಟು ಪಟ್ಟಿ ಕಟ್ಟಿದರೆ ಎದುರಿನವರ ಕಣ್ಣಿಗೆ ಬೀಳುತ್ತದೆ. ಅದಕ್ಕೇನು, ಹಳೆಯ ಉಪಾಯವೇ ಇತ್ತಲ್ಲ: ಪಟ್ಟಿಮಾಮ ಎಲ್ಲ ಹದಿನೆಂಟು ತಲೆಗೂ ನೀಲಿ ಬಟ್ಟೆಯ ಪಟ್ಟಿ ಕಟ್ಟಿದ. ಪಂದ್ಯದ ದಿನ ಗ್ಯಾಲರಿಯಲ್ಲಿ ಗೋಡೆಯ ತಾಯಿ ಕೂತಿದ್ದಳು. ಹೊಲಿಗೆ ಅಂಗಡಿ ಇಟ್ಟುಕೊಂಡ ಹೆಂಗಸು, ಟೈಲರಮ್ಮ. ಇದೇನಣ್ಣಾ ಎಲ್ಲರ ತಲೆಗೂ ಪಟ್ಟಿ ಎಂದು ಕೇಳಿದಳು. ಅದು ನಮ್ಮ ತಂಡದ ಗುರುತಮ್ಮ ಎಂದು ಪಟ್ಟಿಮಾಮ ಹೇಳಿದ. ಸುಳ್ಳಿಗೆ ಕಾಲಿಲ್ಲ ಅನ್ನುತ್ತಾರೆ. ಈ ಸುಳ್ಳಿಗೆ ಹದಿನೆಂಟು ತಲೆ ಇತ್ತು.

ಎರಡನೆಯ ಅರ್ಧದಲ್ಲಿ ಗೋಡೆ ಒಂದು ಸುಲಭದ ಚೆಂಡಿಗೆ ಹಾರಿದಳು. ಅವಳದೇ ತಂಡದವಳ ಭುಜ ಸುಮ್ಮನೆ ತಾಗಿತು, ಮಕ್ಕಳಿಗೂ ನೋವಾಗದಷ್ಟು. ಬಿದ್ದವಳು ಏಳಲಿಲ್ಲ, ಮರುದಿನವೂ ಏಳಲಿಲ್ಲ. ಮೊದಲು ಯಾವಾಗಾದರೂ ಪೆಟ್ಟಾಗಿತ್ತೇ ಎಂದು ಆಸ್ಪತ್ರೆಯವರು ಕೇಳಿದಾಗ ಕೋಚ್ ಇಲ್ಲ ಎಂದ. ಪಟ್ಟಿಮಾಮ ನೆಲ ನೋಡುತ್ತ ನಿಂತಿದ್ದ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಯಾರು ಹೇಳಿದರೋ, ಅವರು ಆಸ್ಪತ್ರೆಯ ಆ ವರಾಂಡದಲ್ಲಿ ಒಮ್ಮೆ ನಿಂತು ನೋಡಬೇಕಿತ್ತು.

ಹಣೆಬರಹ, ಇಷ್ಟು ಸಣ್ಣ ಪೆಟ್ಟಿಗೆ ಹೋಗಬೇಕೆಂದಿತ್ತು ಎಂದು ಟೈಲರಮ್ಮ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡಳು. ಮರುವರ್ಷ ಅವಳೇ ಬಂದು ಹೇಳಿದಳು: ನನ್ನ ಮಗಳು ಕೊನೆಗೆ ಕಟ್ಟಿಕೊಂಡಿದ್ದು ಆ ಪಟ್ಟಿ, ಇನ್ನು ಮೇಲೆ ತಂಡಕ್ಕೆ ಅದನ್ನು ನಾನೇ ಹೊಲಿದುಕೊಡುತ್ತೇನೆ. ಆ ಸುಳ್ಳು ನಿಜವಾಗಿಯೂ ತಂಡದ ಗುರುತಾಗಿ ಹೋಯಿತು. ಪ್ರತಿ ವರ್ಷ ಕೊನೆಯ ಪಂದ್ಯಕ್ಕೆ ಹದಿನೆಂಟು ನೀಲಿ ಪಟ್ಟಿ ಹೊಲಿಯುತ್ತಿದ್ದಳು. ಪಟ್ಟಿಮಾಮ ಹೋಗಿ ತರುತ್ತಿದ್ದ. ಆ ಗಂಟು ಹಿಡಿದುಕೊಂಡು ಬರುವಾಗ ಅವನ ಕೈ ಬೆವರಿ ಬಟ್ಟೆಯೇ ಒದ್ದೆಯಾಗುತ್ತಿತ್ತು.

ಈ ವರ್ಷ ಪಂದ್ಯಾವಳಿ ನಡೆಸುವವರಿಂದ ಕಾಲೇಜಿಗೆ ಒಂದು ಪತ್ರ ಬಂತು. ಪಂದ್ಯದ ದಿನ, ಯಾವ ಆಟಗಾರ್ತಿಗೆ ಏನು ಪೆಟ್ಟಾಗಿದೆ ಎಂಬುದನ್ನು ಎಲ್ಲರಿಗೂ ಕಾಣುವಂತೆ ಬರೆದು ಹಾಕಬೇಕೆ, ಬೇಡವೆ, ನಿಮ್ಮ ಅಭಿಪ್ರಾಯ ತಿಳಿಸಿ ಎಂದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವಂಥ ಪತ್ರ. ಕೋಚ್ ಬೇಡ ಎಂದು ಉತ್ತರ ಬರೆದು, ಪಟ್ಟಿಮಾಮನ ಸಹಿಗೆ ಜಾಗ ಬಿಟ್ಟು ಕೊಟ್ಟಿದ್ದ. ತುಳಿಸಿಕೊಂಡ ಆ ಎಡಗಾಲನ್ನು ನೆನಪಿಸಿದ. ಹುಡುಗಿಯರ ಮೈಯ ವಿಷಯ ಊರಿಗೆಲ್ಲ ಯಾಕೆ ಎಂದೂ ಕೇಳಿದ. ಅವನ ಮಾತಿನಲ್ಲಿ ಸತ್ಯವೂ ಇತ್ತು, ಅದೇ ಕಷ್ಟ. ಕಾಗದ ನಾಲ್ಕು ದಿನದಿಂದ ಪಟ್ಟಿಮಾಮನ ಜೇಬಿನಲ್ಲಿ ಬಿಸಿ ತುಪ್ಪವಾಗಿ ಕೂತಿತ್ತು.

ಶುಕ್ರವಾರ ಸಂಜೆಯ ಅಭ್ಯಾಸದಲ್ಲಿ ಒಂಬತ್ತನೆಯ ನಂಬರಿನ ಹುಡುಗಿಯ ತಲೆಗೆ ಇನ್ನೊಬ್ಬಳ ಮೊಣಕಾಲು ಬಡಿಯಿತು. ನಿಂತಲ್ಲಿ ನಿಲ್ಲದೆ ಪುಟಿಯುವ ಅವಳಿಗೆ ಮಿಡತೆ ಎಂದು ಹೆಸರಿಟ್ಟಿದ್ದರು. ಅವತ್ತು ಮಿಡತೆ ಗೋಡೆ ಹಿಡಿದುಕೊಂಡು ಕೋಣೆಗೆ ನಡೆದು ಬಂದಳು. ಬಂದವಳು ಯಾರ ಮಾತೂ ಕೇಳದೆ ಹೋಗಿ ಮೂರನೆಯ ಬೆಂಚಿನ ಮೇಲೇ ಕೂತಳು.

“ಮಾಮಾ, ಆ ಲೈಟ್ ಆರಿಸಿ. ಕಣ್ಣಿಗೆ ಚುಚ್ತಿದೆ.”

ಪಟ್ಟಿಮಾಮ ಸ್ವಿಚ್ಚಿನ ಮೇಲೆ ಕೈ ಇಟ್ಟ. ಎಷ್ಟು ಲೈಟ್ ಕಾಣುತ್ತದೆ ಎಂದು ಕೇಳಲು ಹೋಗಿ ನಿಲ್ಲಿಸಿದ. ಒಂದು ಅನ್ನಲಿ ಎಂಬ ಆಸೆಗಿಂತ ಎರಡು ಅಂದರೆ ಎಂಬ ಭಯವೇ ದೊಡ್ಡದಾಗಿತ್ತು. ಆಸ್ಪತ್ರೆಗೆ ನಡಿ ಎಂದ. ಅವಳು ಹಟ ಹಿಡಿದಳು. ನಾಳೆ ರಾಜ್ಯ ತಂಡಕ್ಕೆ ಆಯ್ಕೆ ಮಾಡುವವರು ಬರುತ್ತಾರೆ, ತಲೆಗೆ ಪೆಟ್ಟು ಎಂದು ಗೊತ್ತಾದರೆ ತನ್ನನ್ನು ಮೂಸಿಯೂ ನೋಡುವುದಿಲ್ಲ ಎಂದಳು. “ನನ್ನ ತಲೆ, ನನ್ನ ವಿಷ್ಯ. ಆಟ ನೋಡೋಕೆ ಅಂತ ಅಕ್ಕ ಅಷ್ಟು ದೂರದಿಂದ ಬರ್ತಿದಾಳೆ. ಅವಳಿಗೂ ಹೇಳ್ಬಾರ್ದು, ಆಣೆ ಮಾಡಿ.” ಅವನು ಆಣೆ ಮಾಡಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಕೋಚ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡು, ನಿದ್ದೆ ಮಾಡಿದರೆ ಸರಿಹೋಗುತ್ತದೆ ಎಂದ. ಹೇಗೂ ನಾಳೆ ಎಲ್ಲರ ತಲೆಗೂ ಪಟ್ಟಿ ಇದ್ದೇ ಇರುತ್ತದಲ್ಲ ಎಂದೂ ಸೇರಿಸಿದ.

ಶನಿವಾರ ಬೆಳಗ್ಗೆ ಪಟ್ಟಿಮಾಮ ಟೈಲರಮ್ಮನ ಅಂಗಡಿಗೆ ಹೋದ. ಒಬ್ಬರು ಕೂತರೆ ಇನ್ನೊಬ್ಬರು ನಿಲ್ಲಬೇಕಾದ ಅಂಗಡಿ. ಹೊಲಿಗೆ ಮಷಿನ್ನಿನ ಮೇಲೆ ನೀಲಿ ಬಟ್ಟೆಯ ಚೂರು, ಎದುರಿಗೆ ಮೊಳೆಗೆ ತೂಗುಹಾಕಿದ, ಕೈಗವಸು ಹಾಕಿಕೊಂಡು ನಗುವ ಗೋಡೆಯ ಫೋಟೋ. ಟೈಲರಮ್ಮ ಕತ್ತಿಗೆ ಟೇಪು ಹಾಕಿಕೊಂಡು ಕೊನೆಯ ಪಟ್ಟಿಯ ದಾರ ಕತ್ತರಿಸುತ್ತಿದ್ದಳು. ಕೂರಿಸಿದಳು, ನೀರು ಕೊಟ್ಟಳು. ಆಮೇಲೆ, ಪ್ರತಿ ವರ್ಷ ಕೇಳುವ ಮಾತನ್ನೇ ಸಹಜವಾಗಿ ಕೇಳಿದಳು.

“ಯಾವ ಮಗೂಗೂ ಪೆಟ್ಟಾಗಿಲ್ಲ ತಾನೇ, ಅಣ್ಣಾ?”

ಪ್ರತಿ ವರ್ಷ ಅವನು ಇಲ್ಲಮ್ಮ ಎನ್ನುತ್ತಿದ್ದ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇವತ್ತು ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೊರಗೆ ಬಂತು: ಮಿಡತೆ, ನಿನ್ನೆಯ ಪೆಟ್ಟು, ಅಲ್ಲಿಂದ ಹಿಂದಕ್ಕೆ ಹೋಗಿ ಆ ಮಂಗಳವಾರ, ಕಂಬ, ವಾಂತಿ, ಊತ, ಟ್ಯೂಬ್‌ಲೈಟ್, ಹದಿನೆಂಟು ಪಟ್ಟಿ. ತಂಡದ ಗುರುತು ಎಂದು ತಾನು ಹೇಳಿದ್ದು ಸುಳ್ಳು ಎಂಬುದನ್ನೂ ಹೇಳಿದ. ಫೋಟೋ ಕಡೆಗೆ ಬೆನ್ನು ಮಾಡಿ ಹೇಳಿದ.

ಟೈಲರಮ್ಮ ಕೂಗಲಿಲ್ಲ. ಮಷಿನ್ನಿನ ಚಕ್ರದ ಮೇಲೆ ಕೈ ಇಟ್ಟು ನಿಂತಳು. ಬೈದರೆ ಸಾಕು, ಚಪ್ಪಲಿ ತೆಗೆದುಕೊಂಡರೂ ಸಾಕು ಎಂದು ಪಟ್ಟಿಮಾಮ ಕಾಯುತ್ತಿದ್ದ.

“ಎಷ್ಟು ಸಲ ವಾಂತಿ ಮಾಡಿದ್ಲು?” ಎಂದಳು.

“ಎರಡು ಸಲ.”

“ಬುಧವಾರ ಮನೇಲಿ ಇನ್ನೊಂದು ಸಲ ಮಾಡಿದ್ಲು. ಬಿಸಿಲಿಗೆ ಅಮ್ಮಾ ಅಂದ್ಲು, ನಾನೂ ನಂಬಿಬಿಟ್ಟೆ.” ಚಕ್ರದಿಂದ ಕೈ ತೆಗೆದು ಮತ್ತೆ ಅಂದಳು: “ನಿಮ್ಮ ಹತ್ರ ಎರಡು ಇತ್ತು, ನನ್ನ ಹತ್ರ ಒಂದು ಇತ್ತು. ಯಾರ ಹತ್ರಾನೂ ಮೂರೂ ಇರ್ಲಿಲ್ಲ.”

ಪಟ್ಟಿಮಾಮ ಅತ್ತುಬಿಟ್ಟ. ಐವತ್ತೆಂಟು ವರ್ಷದ ಗಂಡಸು, ಬೀದಿಗೆ ಕಾಣುವ ಅಂಗಡಿಯಲ್ಲಿ ಕೂತು ಮೂಗು ಒರೆಸಿಕೊಳ್ಳದೆ ಅತ್ತ. ಜೇಬಿನಿಂದ ಆ ಕಾಗದ ತೆಗೆದು ಅವಳಿಗೆ ತೋರಿಸಿದ. ಕೋಚ್ ಹೇಳುವುದರಲ್ಲೂ ನ್ಯಾಯ ಇದೆ ಟೈಲರಮ್ಮ, ಬರೆದು ಹಾಕಿದರೆ ತುಳಿಯುವವರು ತುಳಿಯುತ್ತಾರೆ ಎಂದ.

ಆಕೆ ಕಾಗದ ಓದಿ ಮಡಚಿ ಕೊಟ್ಟಳು. “ಊರಿಗೆಲ್ಲ ಹೇಳ್ಬೇಕೋ ಬೇಡ್ವೋ, ಅದು ನನಗೆ ತಿಳಿಯಲ್ಲ. ನಾನು ಕೇಳಿದ್ದೆನಲ್ಲ ಅಣ್ಣಾ. ಗ್ಯಾಲರೀಲಿ ಕೂತು ಬಾಯಿಬಿಟ್ಟು ಕೇಳಿದ್ದೆ. ನನಗೆ ಹೇಳ್ಬೇಕಿತ್ತು.”

ಆಮೇಲೆ ಹದಿನೆಂಟು ಪಟ್ಟಿಗಳ ಗಂಟನ್ನು ಬೀರುವಿನೊಳಗೆ ಹಾಕಿ ಬೀಗ ಹಾಕಿದಳು. ಅಂಗಡಿಯ ಬಾಗಿಲು ಎಳೆದಳು. ಟೇಪು ಕತ್ತಿನಲ್ಲೇ ಇತ್ತು, ತೆಗೆಯುವುದು ಮರೆತಿತ್ತು. ನಡೆಯಿರಿ ಎಂದಳು.

ಮೈದಾನದ ಗೇಟಿನ ಬಳಿ ಒಂದು ಕಪ್ಪು ಬೋರ್ಡು. ಪಂದ್ಯದ ದಿನ ಅದರ ಮೇಲೆ ಆಡುವವರ ಹೆಸರು ಬರೆಯುವುದೂ ಪಟ್ಟಿಮಾಮನೇ, ಅವನ ಅಕ್ಷರ ಮುತ್ತಿನಂತಿತ್ತು. ಇವತ್ತು ಅಕ್ಷರ ಸೊಟ್ಟಗಾಯಿತು. ಮೊದಲ ಸಾಲಿನಲ್ಲಿ ಮೂರು ವರ್ಷದ ಹಿಂದಿನ ತಾರೀಖು ಹಾಕಿ ಬರೆದ: ನಂಬರ್ ಒಂದು, ಗೋಲ್‌ಕೀಪರ್. ಅಭ್ಯಾಸದಲ್ಲಿ ತಲೆಗೆ ಪೆಟ್ಟು. ವಾಂತಿ ಮೂರು ಸಲ. ಆಡಬಾರದಿತ್ತು. ಮುಚ್ಚಿಟ್ಟವರಲ್ಲಿ ನಾನೂ ಒಬ್ಬ. ಅದರ ಕೆಳಗೆ ಇವತ್ತಿನ ತಾರೀಖು: ನಂಬರ್ ಒಂಬತ್ತು. ನಿನ್ನೆ ಸಂಜೆ ತಲೆಗೆ ಪೆಟ್ಟು. ಇವತ್ತು ಆಡುವಂತಿಲ್ಲ. ಕೊನೆಗೆ ತನ್ನ ಸಹಿ ಹಾಕಿದ.

ಸುದ್ದಿ ಹೋಗಲು ಐದು ನಿಮಿಷ ಹಿಡಿಯಲಿಲ್ಲ. ಕೋಚ್ ಡಸ್ಟರ್ ಹಿಡಿದುಕೊಂಡೇ ಬಂದ. ನಿಮಗೇನು ತಲೆ ಕೆಟ್ಟಿದೆಯಾ ಮಾಮಾ ಎನ್ನುತ್ತ ಬೋರ್ಡಿಗೆ ಕೈ ಎತ್ತಿದ. ಟೈಲರಮ್ಮ ಬೋರ್ಡಿಗೆ ಬೆನ್ನು ಕೊಟ್ಟು ನಿಂತಳು. ಅವಳ ತಲೆಯ ಪಕ್ಕದಲ್ಲೇ ಮೊದಲ ಸಾಲು ಕಾಣುತ್ತಿತ್ತು. ಅದನ್ನು ಓದಿದ ಕೋಚ್ ಎತ್ತಿದ ಕೈಯನ್ನು ಮುಂದಕ್ಕೂ ಒಯ್ಯಲಿಲ್ಲ, ಇಳಿಸಲೂ ಇಲ್ಲ.

ಅಷ್ಟರಲ್ಲಿ ಗುಂಪನ್ನು ತಳ್ಳಿಕೊಂಡು ಮಿಡತೆ ಬಂದಳು. ಬೂಟು ಕಟ್ಟಿ ತಯಾರಾಗಿದ್ದಳು, ಮುಖ ಸುಣ್ಣದಷ್ಟು ಬಿಳಿ. ಹಿಂದೆ ಅವಳದೇ ಮೂಗು, ಅವಳದೇ ಹಣೆಯ ಒಬ್ಬ ಹೆಂಗಸು, ಇನ್ನೂ ಪ್ರಯಾಣದ ಚೀಲ ಹೆಗಲಲ್ಲೇ ಇತ್ತು. ಮಿಡತೆ ಬೋರ್ಡನ್ನು ಕಣ್ಣು ಕಿರಿದು ಮಾಡಿ ಓದಿದಳು.

“ನಿಮ್ಮನ್ನ ನಂಬಿದ್ದೆ ಮಾಮಾ. ಬರೆದಿದ್ದು ಬರೆದ್ರಿ, ನನ್ನ ನಂಬರನ್ನ ಯಾಕೆ ಪಕ್ಕಪಕ್ಕದಲ್ಲಿ ಎರಡೆರಡು ಸಲ ಬರ್ದಿದೀರಿ? ಒಂದು ಸಲ ಬರೆದ್ರೆ ಊರಿಗೆ ಕಾಣಲ್ವಾ?”

ಕೋಚ್ ನಿಧಾನವಾಗಿ ಬೋರ್ಡಿನ ಕಡೆ ತಿರುಗಿ ನೋಡಿದ. ಒಂಬತ್ತು ಅಲ್ಲಿ ಒಂದೇ ಸಲ ಇತ್ತು. ಡಸ್ಟರನ್ನು ಕಾಲ ಬುಡದಲ್ಲೇ ಬಿಟ್ಟು ಅವನು ಗಾಡಿ ತರಲು ರಸ್ತೆ ಕಡೆಗೆ ಓಡಿದ.

ಟೈಲರಮ್ಮ ಆಗಲೇ ಮಿಡತೆಯ ಬೆನ್ನಿಗೆ ಕೈ ಕೊಟ್ಟು, ಕೂತ್ಕೋ ಮಗಳೇ, ಕೂತ್ಕೋ ಎಂದು ನೆಲದ ಮೇಲೆ ಕೂರಿಸಿದ್ದಳು. ಪಟ್ಟಿಮಾಮ ಆ ಪುಟ್ಟ ತಲೆಯನ್ನು ಎರಡೂ ಅಂಗೈಯಲ್ಲಿ ಅಲುಗದ ಹಾಗೆ ಹಿಡಿದುಕೊಂಡ. ಚೀಲ ಹೊತ್ತ ಹೆಂಗಸು ಏನಾಯಿತು, ಏನಾಯಿತು ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

“ನೀನು ಇವಳ ಅಕ್ಕನಾ?” ಎಂದು ಟೈಲರಮ್ಮ ತಲೆ ಎತ್ತಿ ಕೇಳಿದಳು. “ಬಾಮ್ಮ, ಇಲ್ಲಿ ಪಕ್ಕದಲ್ಲಿ ಕೂತ್ಕೋ. ನಿನಗೆ ಹೇಳ್ಬೇಕು.”