ಎಡಗೈ ಅಚ್ಚು

ಅಡುಗೆಮನೆಗೂ ಹಜಾರಕ್ಕೂ ನಡುವಿನ ಅಡ್ಡಗೋಡೆಯ ಬಣ್ಣ ತೆಗೆಯಲೇಬೇಕೆಂದು ಅತ್ತೆ ಹಟ ಹಿಡಿದಾಗ, ನನ್ನ ಗಂಡ ಎಲ್ಲಿಂದಲೋ ಉಜ್ಜುವ ಮಷೀನು ಹೊತ್ತು ತಂದರು. ಅತ್ತೆ ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಅದನ್ನ ಇಟ್ರೆ ಇಟ್ಟಿಗೆ ಮೈಯೆಲ್ಲಾ ಸವೆದುಹೋಗುತ್ತೆ ಕಣೋ. ನಮ್ಮಮ್ಮನ ಕೈ ಅದರಲ್ಲೇ ಇರೋದು."

ಅತ್ತೆಯ ತಾಯಿ ಇಟ್ಟಿಗೆ ಭಟ್ಟಿಯಲ್ಲಿ ಹಸಿಮಣ್ಣನ್ನು ಅಚ್ಚಿಗೆ ಬಡಿಯುತ್ತಿದ್ದವರು. ಯಾರ ಸಾಲು ಎಲ್ಲಿಗೆ ಮುಗಿಯಿತೆಂದು ಗೊತ್ತಾಗಲು, ಪ್ರತಿಯೊಬ್ಬ ಹೆಂಗಸೂ ದಿನದ ಕೊನೆಯ ಇಟ್ಟಿಗೆಯ ಮೇಲೆ ತನ್ನ ಅಂಗೈ ಒತ್ತುತ್ತಿದ್ದಳಂತೆ. ಅವರಲ್ಲಿ ಇವರೊಬ್ಬರೇ ಎಡಚಿ. ಅದೇ ಭಟ್ಟಿಯ ಇಟ್ಟಿಗೆಯಿಂದ ಕಟ್ಟಿದ ಮನೆ ಇದು. ಜಾಗ ಉಳಿಸಲೆಂದು ಈ ಗೋಡೆಗೆ ಮಾತ್ರ ಇಟ್ಟಿಗೆಗಳನ್ನು ಮಗ್ಗುಲಿಗೆ ನಿಲ್ಲಿಸಿದ್ದರಿಂದ ಅವುಗಳ ಅಗಲ ಮುಖ ಹೊರಗಿತ್ತು. ಹೆಂಡತಿ ತೀರಿಕೊಂಡ ಮೇಲೆ ಅತ್ತೆಯ ಅಪ್ಪ ಅದಕ್ಕೆ ಬಣ್ಣ ಬಳಿದುಬಿಟ್ಟರು, ನೋಡಲಾಗುತ್ತಿರಲಿಲ್ಲವಂತೆ. ತಾಯಿಯ ಫೋಟೋ ಒಂದೂ ಇಲ್ಲ. ಅತ್ತೆಗೆ ಮುಖವೇ ನೆನಪಿಲ್ಲ, ಕೈ ಮಾತ್ರ ನೆನಪಿದೆ.

"ಇಷ್ಟಗಲ ಕೈ! ನನ್ನ ಬೆನ್ನು ಪೂರ್ತಿ ಹಿಡಿಸೋದು ಅದರಲ್ಲಿ."

ಮಷೀನು ಮೂಲೆ ಸೇರಿತು. ಅತ್ತೆಯೂ ನಾನೂ ಬಣ್ಣ ಕರಗಿಸುವ ಲೇಪ ಬಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ, ಮೆತ್ತಗಾದದ್ದನ್ನು ಮರದ ಪಟ್ಟಿಯಿಂದ ಎಬ್ಬಿಸತೊಡಗಿದೆವು. ಹಸಿರು, ಅದರಡಿ ಹಳದಿ, ಅದರಡಿ ಯಾವ ಪುಣ್ಯಾತ್ಮ ಆರಿಸಿದನೋ ಅನ್ನುವಂಥ ಒಂದು ನೀಲಿ. ನನ್ನ ಸೊಂಟ ಬಿದ್ದುಹೋಗಿ, ಬೈಗುಳ ನಾಲಿಗೆ ತುದಿಗೇ ಬಂದಿತ್ತು. ಆಗ ಕೆಂಪು ಇಣುಕಿತು, ಕೆಂಪಿನೊಳಗೆ ಒಂದು ಅಂಗೈ. ಸ್ವಲ್ಪ ಆಚೆ ಇನ್ನೊಂದು. ಬೆರಳ ಗಂಟು, ಅಂಗೈಗೆರೆ, ಎಲ್ಲ ನಿನ್ನೆ ಒತ್ತಿದ ಹಾಗೆ. ಇಷ್ಟು ವರ್ಷ ಈ ಹೆಂಗಸರ ಕೈಗಳಿಗೆ ಒರಗಿಕೊಂಡೇ ನಾನು ಟೀ ಕುಡಿದಿದ್ದೆ.

ಆದರೆ ಎಲ್ಲವೂ ಬಲಗೈ. ಗೋಡೆ ಮುಗಿಯುತ್ತ ಬಂದಂತೆ ಅತ್ತೆಯ ಮಾತು ಕಡಿಮೆಯಾಯಿತು. ಕೊನೆಗೆ ಕೆಳಸಾಲಿನಲ್ಲಿ ಒಂದು ಸಿಕ್ಕಿತು.

"ಅತ್ತೆ, ಎಡಗೈ!"

ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮುಖ ಸಪ್ಪಗಾಯಿತು. "ಇದಲ್ಲ ಬಿಡಮ್ಮ. ಯಾವುದೋ ಮಗು ಆಟಕ್ಕೆ ಒತ್ತಿರ್ಬೇಕು. ಎಷ್ಟು ಪುಟ್ಟದಿದೆ ನೋಡು."

ನನಗೆ ತಡೆಯಲಾಗಲಿಲ್ಲ. "ನಿಮ್ಮಮ್ಮ ಹೋದಾಗ ನಿಮಗೆಷ್ಟು ವಯಸ್ಸು?"

"ಮೂರು ತುಂಬಿತ್ತೋ ಇಲ್ವೋ."

"ಅವರಿಗೆ?"

ಅತ್ತೆ ಏನೋ ಹೇಳಹೋಗಿ ನಿಲ್ಲಿಸಿದರು. ಆಮೇಲೆ ಮೆಲ್ಲಗೆ, "ಇಪ್ಪತ್ತೂ ಆಗಿರ್ಲಿಲ್ಲ" ಎಂದರು.

ನೆಲದ ಮೇಲೇ ಕುಸಿದು ಕೂತು, ತಮ್ಮ ಮುದಿ ಎಡಗೈಯನ್ನು ಆ ಅಚ್ಚಿನ ಮೇಲಿಟ್ಟರು. ಅವರ ಬೆರಳುಗಳು ಅಚ್ಚನ್ನು ದಾಟಿ ಹೊರಗೆ ಚಾಚಿದವು. ನನ್ನ ಗಂಡ ಬಂದು ಬಾಗಿಲಲ್ಲೇ ನಿಂತರು. ಅತ್ತೆ ಇಟ್ಟಿಗೆಯನ್ನು ಮೆತ್ತಗೆ ಸವರಿದರು.

"ಅಯ್ಯೋ ಕಂದಾ, ಇಷ್ಟು ಚಿಕ್ಕೋಳಾ ನೀನು?" ಎಂದು ತಮ್ಮ ತಾಯಿಯನ್ನು ಕೇಳಿದರು.